ಗಡಿಯಾರದಕ್ಕನ ಗುಲಾಬಿ ಮಾತ್ರೆ

ಬ್ರಷ್ಷು ಕೊಳವೆಯೊಳಗೆ ಅರ್ಧ ದಾರಿಯಲ್ಲಿದೆ. ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷ. ಆಸ್ಪತ್ರೆಯ ಮೂರನೇ ಮಹಡಿಯ ಮೂಲೆಯಲ್ಲಿರುವ ತೊಳೆಯುವ ಕೋಣೆಯಲ್ಲಿ ಅಕ್ಕ ಮೊಣಕೈವರೆಗೆ ಕೈಗವಸು ಹಾಕಿಕೊಂಡು ಸಿಂಕಿನ ಮೇಲೆ ಬಾಗಿದ್ದಾರೆ. ರೋಗಿಯ ಕರುಳಿನೊಳಗೆ ಇಳಿಸಿ ನೋಡುವ, ಹೆಚ್ಚುಕಡಿಮೆ ಅವರಷ್ಟೇ ಉದ್ದದ ಕಪ್ಪು ಕೊಳವೆಯೊಂದು ನೀರಿನಲ್ಲಿ ಸುರುಳಿ ಸುತ್ತಿಕೊಂಡಿದೆ. ಅದರೊಳಗಿನ ಸಣ್ಣ ರಂಧ್ರಕ್ಕೆ ತಂತಿ ಬ್ರಷ್ಷನ್ನು ತೂರಿಸಿ, ಆಚೆ ತುದಿಯಲ್ಲಿ ಹೊರಬರುವವರೆಗೆ ಇಂಚಿಂಚಾಗಿ ತಳ್ಳಬೇಕು. ಹೊರಬಂದ ಬಿರುಗೂದಲನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಕಲೆ ಕಂಡರೆ ಮತ್ತೆ ಮೊದಲಿಂದ. ನಿನ್ನೆ ಸಂಜೆಯೇ ತೊಳೆದು, ಒಣಗಿಸಿ, ಬೀರುವಿನಲ್ಲಿ ನೇತುಹಾಕಿದ್ದ ಕೊಳವೆ ಇದು. ಇವತ್ತು ಅದನ್ನು ಮತ್ತೆ ಇಳಿಸುವ ಅಗತ್ಯವೇ ಇರಲಿಲ್ಲ.

"ಇರಲಿ ಬಿಡಿ. ಒಂಬತ್ತಕ್ಕೆ ಮೇಷ್ಟ್ರು ಬರ್ತಾರೆ," ಎನ್ನುತ್ತಾರೆ ತಲೆ ಎತ್ತದೆ. "ಅವರ ವಿಷಯದಲ್ಲಿ ಒಂದ್ಸಲ ತಪ್ಪು ಮಾಡಿದ್ದೀನಿ. ಈ ಸಲ ನನ್ನ ಕಡೆಯಿಂದ ಒಂದು ಎಳೆಯೂ ಸಡಿಲ ಇರಬಾರದು."

ನಲ್ಲಿ ನಿಲ್ಲಿಸಿದಾಗ ಕೋಣೆಯಲ್ಲಿ ಒಂದು ಸದ್ದು ಉಳಿಯುತ್ತದೆ. ಟಿಕ್, ಟಿಕ್, ಟಿಕ್. ಗೋಡೆಯ ಮೇಲೆ ಗಡಿಯಾರವಿಲ್ಲ. ಸದ್ದು ಬರುತ್ತಿರುವುದು ಅಕ್ಕನ ಎದೆಯಿಂದ. ನಾಲ್ಕು ವರ್ಷದ ಹಿಂದೆ ಅವರ ಹೃದಯದ ಕವಾಟವೊಂದು ಕೆಟ್ಟಿತು. ಎದೆ ತೆರೆದು, ಅದರ ಜಾಗದಲ್ಲಿ ಕೃತಕ ಕವಾಟ ಕೂರಿಸಿದರು. ಮುಚ್ಚಿಕೊಂಡಾಗಲೆಲ್ಲ ಅದು ಹೀಗೆ ಸದ್ದು ಮಾಡುತ್ತದೆ. ಅಂದಿನಿಂದ ಇಡೀ ಮಹಡಿಗೆ ಇವರು ಗಡಿಯಾರದಕ್ಕ.

"ನಮ್ಮ ಯಜಮಾನ್ರು ಮೊದಮೊದಲು ದಿಂಬು ಎತ್ಕೊಂಡು ಹಾಲಿಗೆ ಹೋಗಿಬಿಡ್ತಿದ್ರು. ಈಗ ನಾನೆಲ್ಲಾದ್ರೂ ಹೋದ್ರೆ ಅವರಿಗೆ ನಿದ್ದೇನೇ ಹತ್ತಲ್ವಂತೆ," ಎಂದು ನಗುತ್ತಾರೆ.

ಇಂಥ ಕವಾಟ ಇರುವವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು. ತಪ್ಪಿಸಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ನುಗ್ಗಬಹುದು. ನುಂಗುತ್ತಿರುವ ದಿನಗಳಲ್ಲಿ ಒಳಗೆಲ್ಲಾದರೂ ಗಾಯವಾದರೆ ರಕ್ತ ಬೇಗ ನಿಲ್ಲದು. ಹಾಗಾಗಿ ದೊಡ್ಡ ಕರುಳಿಗೆ ಕ್ಯಾಮೆರಾ ಕೊಳವೆ ತೂರಿಸಿ ನೋಡುವ ಪರೀಕ್ಷೆ ಬೇರೆಯವರಿಗೆ ಅರ್ಧ ಗಂಟೆಯ ಮಾಮೂಲಿ ಕೆಲಸವಾದರೆ, ಇವರಿಗೆ ಅದು ಐದು ದಿನ ಮೊದಲೇ ಶುರುವಾಗುತ್ತದೆ. ಡಾಕ್ಟರು ಹೇಳಿದ ದಿನ ಮಾತ್ರೆ ನಿಲ್ಲಿಸಬೇಕು. ನಡುವಿನ ದಿನಗಳಿಗೆ ಹೊಟ್ಟೆಗೆ ಚುಚ್ಚುಮದ್ದು. ಪರೀಕ್ಷೆ ಮುಗಿದ ಮೇಲೆ ಮತ್ತೆ ಅದೇ ಮಾತ್ರೆ.

ಅಕ್ಕನಿಗೂ ಆ ಪರೀಕ್ಷೆ ಆಗಬೇಕಿದೆ. ತಂಗಿ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡು ಮೂರು ವರ್ಷವಾಯಿತು. ಅವಳಿಗಾಗ ನಲವತ್ತಾರು. ಒಡಹುಟ್ಟಿದವರು ತಡಮಾಡದೆ ನೋಡಿಸಿಕೊಳ್ಳಬೇಕು ಎಂದು ಇದೇ ಮಹಡಿಯ ಡಾಕ್ಟರು ಅಂದೇ ಹೇಳಿದ್ದರು. ಅಕ್ಕ ಮೊದಲ ವರ್ಷ ಚಳಿಗಾಲ ಕಳೀಲಿ ಅಂದರು. ಎರಡನೇ ವರ್ಷ ಮಗಳ ಕಾಲೇಜು ಪರೀಕ್ಷೆ ಮುಗೀಲಿ ಅಂದರು. ಮಗಳ ಪರೀಕ್ಷೆ ಮುಗಿದು ಅವಳಿಗೆ ಕೆಲಸವೂ ಸಿಕ್ಕಿದೆ.

"ಎಷ್ಟು ಸಾವಿರ ಜನರನ್ನ ಆ ಮೇಜಿನ ಮೇಲೆ ಎಡಮಗ್ಗುಲಾಗಿ ಮಲಗಿಸಿದ್ದೀನೋ ಲೆಕ್ಕ ಇಲ್ಲ. ಏನೂ ಆಗಲ್ಲ, ಹೆದರಬೇಡಿ ಅಂತೀನಿ. ನಾನೇ ಮಲಗೋದು ಅಂದ್ರೆ ಮಾತ್ರ ಕಾಲು ಮುಂದಕ್ಕೆ ಬರಲ್ಲ."

ಹನ್ನೊಂದು ವರ್ಷದ ಹಿಂದೆ ಈ ಕೋಣೆಗೆ ಬರುವ ಮೊದಲು ಅಕ್ಕ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದರು. ಬೆರಳಿನ ಆ ಹದ ಇಲ್ಲಿ ಕೆಲಸಕ್ಕೆ ಬಂತು. ದಿನಕ್ಕೆ ಹತ್ತರಿಂದ ಹನ್ನೆರಡು ರೋಗಿಗಳು. ಕೊಳವೆಗಳು ಐದು. ಒಂದೊಂದನ್ನೂ ತೊಳೆದು ಮುಗಿಸಲು ಮುಕ್ಕಾಲು ಗಂಟೆ. ನಡುನಡುವೆ ಒಳಗೆ ಹೋಗಿ ಡಾಕ್ಟರ ಪಕ್ಕ ನಿಂತು ಕೇಳಿದ್ದನ್ನು ಕೈಗಿಡಬೇಕು, ರೋಗಿಯ ಹೊಟ್ಟೆ ಒತ್ತಿ ಹಿಡಿಯಬೇಕು. "ಮನೇಲಿ ಒಂದು ಲೋಟಾನೂ ತೊಳೆಯಲ್ಲ ನಾನು. ಅದು ಯಜಮಾನರ ಇಲಾಖೆ," ಎಂದು ಮೊದಲೇ ಹೇಳಿಬಿಡುತ್ತಾರೆ. ಎದೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಚೀಟಿ ಕೊಡುವ ಕಿಟಕಿಯಲ್ಲಿ ಕೂರಿಸುತ್ತೇವೆ ಎಂದಿದ್ದರಂತೆ. ಒಪ್ಪಲಿಲ್ಲ. ಅದರ ಬದಲು ಮಧ್ಯಾಹ್ನದ ಫೋನ್ ಕೆಲಸವನ್ನೂ ಮೈಮೇಲೆ ಹಾಕಿಕೊಂಡರು. ಮುಂದಿನ ವಾರ ಬರುವವರಿಗೆಲ್ಲ ಕರೆ ಮಾಡಿ, ಏನು ತಿನ್ನಬಾರದು, ಯಾವ ಮಾತ್ರೆ ಯಾವಾಗ ನಿಲ್ಲಿಸಬೇಕು ಎಂದು ಡಾಕ್ಟರು ಬರೆದಿದ್ದನ್ನು ತಿಳಿಸುವ ಕೆಲಸ.

ಆ ಫೋನಿಗೆ ಒಂದು ಕಟ್ಟಳೆಯಿದೆ. ಅಕ್ಕನೇ ಮಾಡಿದ್ದು. ಮಾತ್ರೆಯ ಬಣ್ಣ ಹೇಳಕೂಡದು, ಆಕಾರ ಹೇಳಕೂಡದು. ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಬೇಕು. ಆ ಕಡೆಯವರು ಮಾತ್ರೆಯ ಸ್ಟ್ರಿಪ್ ಹಾಳೆಯನ್ನು ಕೈಯಲ್ಲಿ ಹಿಡಿದು, ಅದನ್ನೇ ತಿರುಗಿ ಓದಬೇಕು.

ಇಪ್ಪತ್ತು ದಿನದ ಹಿಂದೆ ಆ ಕಟ್ಟಳೆಯನ್ನು ಮುರಿದವರೂ ಅವರೇ.

ಮೇಷ್ಟ್ರು ಎಂದರೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ವಯಸ್ಸು ಅರವತ್ತೇಳು. ಎದೆಯಲ್ಲಿ ಅಕ್ಕನಿಗಿರುವಂಥದ್ದೇ ಕವಾಟ. ಕೆಲವು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳುವ ಕರುಳಿನ ಪರೀಕ್ಷೆಗೆ ಹೆಸರು ಬರೆಸಿದ್ದರು. ಮಾತ್ರೆಗಳನ್ನು ಅವರು ಹಳೆಯ ಬಣ್ಣದ ತಟ್ಟೆಯ ಗುಳಿಗಳಲ್ಲಿ ಹಾಕಿಡುತ್ತಾರೆ. ಗುಲಾಬಿಗೊಂದು ಗುಳಿ, ಹಳದಿಗೊಂದು, ನೀಲಿಗೊಂದು. ಪ್ರತಿ ಭಾನುವಾರ ವಾರಕ್ಕಾಗುವಷ್ಟನ್ನು ಹಾಳೆಗಳಿಂದ ಬಿಡಿಸಿ, ಹಾಳೆಗಳನ್ನು ಬಿಸಾಡುತ್ತಾರೆ. ಫೋನಿನಲ್ಲಿ ಅಕ್ಕ ಹೆಸರು ಹೇಳಲು ಹೊರಟಾಗ ಅವರು ನಡುವೆ ಬಾಯಿ ಹಾಕಿದರು. "ರಕ್ತದ ಮಾತ್ರೆ ತಾನೇ? ಗುಲಾಬಿದು?"

"ಹೂಂ, ಅದೇ. ಗುಲಾಬಿದು ನಿಲ್ಲಿಸಿ," ಎಂದುಬಿಟ್ಟರು ಅಕ್ಕ. ಅಕ್ಕ ತಾವು ದಿನಾ ನುಂಗುವ ರಕ್ತದ ಮಾತ್ರೆ ಗುಲಾಬಿ ಬಣ್ಣದ್ದು. ಮೇಷ್ಟರದ್ದೂ ಅದೇ ಮಾತ್ರೆ, ಆದರೆ ಬೇರೆ ಅಳತೆಯದು, ನೀಲಿ. ಅವರ ತಟ್ಟೆಯ ಗುಲಾಬಿ ಮಾತ್ರೆ ಹೃದಯದ ಓಟವನ್ನು ಹಿಡಿತದಲ್ಲಿಡುವಂಥದ್ದು.

ಪರೀಕ್ಷೆಯ ದಿನ ಮೇಷ್ಟ್ರು ಮೇಜಿನ ಮೇಲೆ ಮಲಗಿದ್ದರು. ಬೆಳಗ್ಗೆ ತೆಗೆದ ರಕ್ತದ ವರದಿ ಇನ್ನೂ ಕೆಳಗಿನ ಲ್ಯಾಬಿನಿಂದ ಬಂದಿರಲಿಲ್ಲ. ಮಾತ್ರೆ ನಿಲ್ಲಿಸಿದ್ದಾರೆ ಎಂದು ಕಾಗದದಲ್ಲಿ ಗುರುತು ಹಾಕಿತ್ತು. ಪಟ್ಟಿಯಲ್ಲಿ ಇನ್ನೂ ಹತ್ತು ಜನ. ಶುರು ಮಾಡೋಣ, ಅಷ್ಟರಲ್ಲಿ ವರದಿ ಬರುತ್ತದೆ ಎಂದರು ಡಾಕ್ಟರು. ಅರಿವಳಿಕೆ ಕೊಡುವವರು ಸಿರಿಂಜ್ ಎತ್ತಿಕೊಂಡರು. ಕೋಣೆ ಒಂದು ಕ್ಷಣ ಸುಮ್ಮನಾಯಿತು. ಆಗ ಅಕ್ಕನಿಗೆ ಎರಡು ಟಿಕ್‌ಟಿಕ್ ಕೇಳಿಸಿತು. ಒಂದು ತನ್ನದು, ಒಂದು ಅವರದು.

"ನಂದು ಎರಡು ಸಲ ಬಡಿಯೋದ್ರೊಳಗೆ ಅವರದು ಮೂರು ಸಲ ಬಡೀತಿತ್ತು. ಭಯಕ್ಕೆ ಹಾಗೆ ಅಂದ್ರು ಅರಿವಳಿಕೆಯವರು. ಆದ್ರೆ ಮೇಷ್ಟ್ರು ಹೆದರಿರಲಿಲ್ಲ, ಜೋಕ್ ಹೊಡೀತಿದ್ರು. ಮುಖ ನೋಡಿದೆ. ಬೆಳಗ್ಗೆ ಗಡ್ಡ ಹೆರೆದಾಗ ಆದ ಗಾಯಕ್ಕೆ ಹತ್ತಿ ಅಂಟಿಸ್ಕೊಂಡಿದ್ರು. ಆ ಹತ್ತಿ ಇನ್ನೂ ಒದ್ದೆಯಾಗಿ ಕೆಂಪಾಗ್ತಾನೇ ಇತ್ತು."

"ಡಾಕ್ಟ್ರೇ, ಒಂದ್ನಿಮಿಷ ತಡೀರಿ," ಎಂದು ಅಕ್ಕ ಹೊರಗೆ ಓಡಿದರು. ಬೆಂಚಿನ ಮೇಲೆ ಕೂತಿದ್ದ ಮೇಷ್ಟರ ಹೆಂಡತಿ ಚೀಲದಿಂದ ಬಣ್ಣದ ತಟ್ಟೆ ತೆಗೆದು ತೋರಿಸಿದರು. ನೀಲಿ ಗುಳಿಯಲ್ಲಿ ನಿನ್ನೆಯವರೆಗಿನದು ಖಾಲಿ. ಗುಲಾಬಿ ಗುಳಿಯಲ್ಲಿ ಐದು ದಿನದ ಐದು ಮಾತ್ರೆ ಹಾಗೇ ಕೂತಿದ್ದವು. "ನೀವೇ ಹೇಳಿದ್ರಲ್ಲಮ್ಮ, ಗುಲಾಬಿ ಬೇಡ ಅಂತ. ಚುಚ್ಚುಮದ್ದೂ ತಪ್ಪಿಸಿಲ್ಲ," ಎಂದರು ಆಕೆ ಗಾಬರಿಯಿಂದ. ಅಂದರೆ ರಕ್ತ ತೆಳುವಾಗಿಸುವ ಮಾತ್ರೆಯೂ ಮೈಯಲ್ಲಿದೆ, ಅದರ ಬದಲಿಗೆಂದು ಕೊಟ್ಟ ಚುಚ್ಚುಮದ್ದೂ ಮೈಯಲ್ಲಿದೆ. ಒಳಗೆ ಏನನ್ನಾದರೂ ಕತ್ತರಿಸಿದ್ದರೆ ರಕ್ತ ಹರಿಯುತ್ತಲೇ ಇರುತ್ತಿತ್ತು.

ಒಳಗೆ ಬಂದು ಅಕ್ಕ ಎಲ್ಲರೆದುರು ಹೇಳಿದರು. "ಇವರು ತಪ್ಪು ಮಾತ್ರೆ ನಿಲ್ಲಿಸಿದ್ದಾರೆ. ತಪ್ಪು ಇವರದ್ದಲ್ಲ. ಫೋನಲ್ಲಿ ನಾನು ಬಣ್ಣ ಹೇಳಿಬಿಟ್ಟೆ."

ಡಾಕ್ಟರು ಕೈಗವಸು ಕಳಚಿಟ್ಟರು. ಬೈಯಲಿಲ್ಲ. "ಬೈದಿದ್ರೆ ಚೆನ್ನಾಗಿರ್ತಿತ್ತು," ಎನ್ನುತ್ತಾರೆ ಅಕ್ಕ. ಬೈದವರು ಮೇಷ್ಟ್ರೇ. "ಅಲ್ಲಮ್ಮ, ಕರುಳು ತೊಳೆಯೋ ಆ ಉಪ್ಪುನೀರನ್ನ ಲೀಟರುಗಟ್ಟಲೆ ಕುಡಿದು ಇಡೀ ದಿನ ಪಾಯಿಖಾನೆ ಕಾವಲು ಕಾದಿದ್ದೀನಿ. ಬರೀ ನಿಮ್ಮ ಮೇಜು ನೋಡ್ಕೊಂಡು ಹೋಗೋಕಾ?" ಅವರನ್ನು ಎರಡು ದಿನ ವಾರ್ಡಿನಲ್ಲಿಟ್ಟುಕೊಂಡು, ಹೃದಯದ ಓಟ ಹತೋಟಿಗೆ ಬಂದ ಮೇಲೆ ಕಳಿಸಿದರು. ಹೊಸ ದಿನಾಂಕ ಕೊಟ್ಟರು. ಅದು ಇವತ್ತು.

ಕಟ್ಟಳೆ ಮಾಡಿದವರೇ ಅದನ್ನು ಮುರಿದದ್ದು ಹೇಗೆ ಎಂದು ಕೇಳಿದಾಗಲೂ ಅಕ್ಕನ ಕೈ ನಿಲ್ಲುವುದಿಲ್ಲ. ಕೊಳವೆಯನ್ನು ಬಟ್ಟೆಯಿಂದ ಒರೆಸುತ್ತ, ಒಂದೇ ಜಾಗವನ್ನು ಮೂರು ಸಲ ಒರೆಸುತ್ತಾರೆ.

"ಕವಾಟದವರ ಕರೆ ಅಂದ್ರೆ ಬೇಗ ಮುಗಿಸಿಬಿಡ್ತಿದ್ದೆ. ಮಾತ್ರೆ ನಿಲ್ಲಿಸಿ, ಚುಚ್ಚಿಸ್ಕೊಳ್ಳಿ, ಈ ದಿನ ಬನ್ನಿ... ಅದೆಲ್ಲ ಯಾರೋ ನನಗೇ ಹೇಳ್ತಿರೋ ಹಾಗೆ ಕೇಳ್ಸೋದು. ಫೋನ್ ಇಟ್ಟರೆ ಸಾಕು ಅನ್ಸೋದು."

ಈ ಸಲ ಐದು ದಿನದಲ್ಲಿ ಮೂರು ಬಾರಿ ಕರೆ ಮಾಡಿದ್ದಾರೆ. ಒಂದೊಂದೇ ಅಕ್ಷರ ಹೇಳಿ, ಮೇಷ್ಟರ ಹೆಂಡತಿಯಿಂದ ಗುಳಿಗಳ ಕೆಳಗೆ ಹೆಸರು ಬರೆಸಿದ್ದಾರೆ. "ಮೇಷ್ಟರಿಗೇ ಅಕ್ಷರ ತಿದ್ದಿಸ್ತೀರಲ್ಲಮ್ಮ!" ಎಂದು ಆ ಕಡೆಯಿಂದ ಗೊಣಗು ಕೇಳಿಸಿತಂತೆ.

ಒಂಬತ್ತಕ್ಕೆ ಮೇಷ್ಟ್ರು ಮೇಜಿನ ಮೇಲಿದ್ದಾರೆ. ಗಡ್ಡ ಹೆರೆದಿಲ್ಲ. "ನಿಮ್ಮ ಕಣ್ಣಿಗೆ ಹೆದರಿ ಬ್ಲೇಡೇ ಮುಟ್ಟಿಲ್ಲ," ಎನ್ನುತ್ತಾರೆ. ರಕ್ತದ ವರದಿ ಅವರಿಗಿಂತ ಮೊದಲೇ ಬಂದು ಕೂತಿದೆ, ಇರಬೇಕಾದಷ್ಟೇ ಇದೆ. ಅಕ್ಕ ಆದರೂ ತಲೆ ಬಾಗಿಸಿ ಕೇಳಿಸಿಕೊಳ್ಳುತ್ತಾರೆ. ಎರಡು ಟಿಕ್‌ಟಿಕ್ ಹೆಚ್ಚುಕಡಿಮೆ ಒಂದೇ ನಡಿಗೆಯಲ್ಲಿವೆ. ಆದರೆ ಐದು ದಿನದಿಂದ ಆ ಕವಾಟಕ್ಕೆ ಮಾತ್ರೆಯ ಕಾವಲಿಲ್ಲ, ಕೊನೆಯ ಚುಚ್ಚುಮದ್ದು ಆಗಿ ಒಂದು ದಿನ ಕಳೆದಿದೆ. ತಡವಾದಷ್ಟೂ ಹೆಪ್ಪಿನ ಭಯ. ಅಕ್ಕ ಬೆಳಗಿನಿಂದ ನೀರು ಕೂಡ ಕುಡಿದಿಲ್ಲ.

ಮೇಷ್ಟ್ರು ನಿದ್ದೆಗೆ ಜಾರುತ್ತಾರೆ. ಪರದೆಯ ಮೇಲೆ ನಸುಗೆಂಪು ಸುರಂಗ ತೆರೆದುಕೊಳ್ಳುತ್ತದೆ. ಹನ್ನೆರಡನೇ ನಿಮಿಷಕ್ಕೆ ಡಾಕ್ಟರ ಕೈ ನಿಲ್ಲುತ್ತದೆ. ಒಂದು ಮಡಿಕೆಯ ಹಿಂದೆ ಕಡಲೆಕಾಳಿನಷ್ಟು ದಪ್ಪದ ಗಂಟು. "ತಂತಿ ಕೊಡಿ," ಎನ್ನುತ್ತಾರೆ. ತುದಿಯಲ್ಲಿ ಕುಣಿಕೆಯಿರುವ ತಂತಿಯನ್ನು ಅವರು ಕೊಳವೆಯೊಳಗೆ ಕಳಿಸುತ್ತಾರೆ. ಅದರ ಹಿಡಿ ಇರುವುದು ಅಕ್ಕನ ಕೈಯಲ್ಲಿ. ಗುರಿ ಡಾಕ್ಟರದ್ದು, ಬಿಗಿಯುವ ಬೆರಳು ಅಕ್ಕನದು.

"ಮುಚ್ಚಿ. ಮೆಲ್ಲಗೆ. ಇನ್ನೂ ಮೆಲ್ಲಗೆ."

ಗುಂಡಿ ಹೊಲಿದ ಬೆರಳುಗಳು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹಿಡಿಯನ್ನು ಒಳಗೆಳೆಯುತ್ತವೆ. ಗಂಟು ಕಳಚುತ್ತದೆ. ಅದಿದ್ದ ಜಾಗದಲ್ಲಿ ರಕ್ತ ಒಸರುತ್ತದೆ, ತುಂಬುತ್ತದೆ, ಕೆಳಗಿಳಿಯುತ್ತದೆ. ಡಾಕ್ಟರು ಕೇಳುವ ಮೊದಲೇ ಅಕ್ಕ ಸಣ್ಣ ಕ್ಲಿಪ್ಪನ್ನು ಮುಂದೆ ಹಿಡಿದಿದ್ದಾರೆ. ಅದು ಕಚ್ಚಿಕೊಳ್ಳುತ್ತದೆ. ನೀರು ಹಾಯಿಸುತ್ತಾರೆ. ಎಲ್ಲರ ಕಣ್ಣೂ ಪರದೆಯ ಮೇಲೆ. ಅಕ್ಕ ತನ್ನೆದೆಯ ಟಿಕ್‌ಗಳನ್ನು ಎಣಿಸುತ್ತಾರೆ. ಹತ್ತು. ಇಪ್ಪತ್ತು. ನಲವತ್ತು.

"ನಿಂತಿದೆ," ಎನ್ನುತ್ತಾರೆ ಡಾಕ್ಟರು. ಗಂಟನ್ನು ಪುಟ್ಟ ಸೀಸೆಗೆ ಹಾಕುತ್ತ, ಯಾರಿಗೆಂದಿಲ್ಲದೆ ಹೇಳುತ್ತಾರೆ. "ಸದ್ಯ ಇನ್ನೂ ಚಿಕ್ಕದಿತ್ತು. ಇಂಥದನ್ನೇ ವರ್ಷಗಟ್ಟಲೆ ಬಿಟ್ಟರೆ ಕೆಡೋದು."

ಸೀಸೆಯ ಮೇಲೆ ಚೀಟಿ ಅಂಟಿಸುವುದು ಅಕ್ಕನ ಕೆಲಸ. ಚೀಟಿ ಅಂಟಿಸಿದ ಮೇಲೂ ಸೀಸೆಯನ್ನು ಕೆಳಗಿಡದೆ ಒಂದು ಗಳಿಗೆ ಬೆಳಕಿಗೆ ಹಿಡಿದಿರುತ್ತಾರೆ. ತಂಗಿಗೂ ಯಾವಾಗಲೋ ಒಂದು ದಿನ ಇಷ್ಟೇ ಇತ್ತೇನೋ.

ಎಚ್ಚರಾದ ಮೇಷ್ಟ್ರು ಮೊದಲು ಕೇಳಿದ್ದು, "ಶುರು ಮಾಡೋದು ಯಾವಾಗ?"

"ಮುಗಿದೇ ಹೋಯ್ತು ಮೇಷ್ಟ್ರೇ."

"ಛೆ, ನನಗೆ ಹೇಳೋದಲ್ವಾ!"

ಇಂದು ಸಂಜೆಯಿಂದ ಮತ್ತೆ ಶುರು ಮಾಡಬೇಕಾದ ಮಾತ್ರೆಯ ಹೆಸರನ್ನು ಅಕ್ಕ ಅಕ್ಷರ ಅಕ್ಷರವಾಗಿ ಹೇಳುತ್ತಾರೆ. ಚುಚ್ಚುಮದ್ದು ಯಾವತ್ತಿನಿಂದ, ಎಲ್ಲಿಯವರೆಗೆ ಎಂದು ಬರೆದು ಕೊಡುತ್ತಾರೆ. ಮೇಷ್ಟರ ಹೆಂಡತಿ ಎರಡು ಸಲ ಓದಿ ಒಪ್ಪಿಸುತ್ತಾರೆ. ರಕ್ತ ಕಂಡರೆ, ಕೈಕಾಲು ಸೋತರೆ, ಮಾತು ತೊದಲಿದರೆ ಆ ಗಳಿಗೆಯೇ ಹೊರಟು ಬರಬೇಕು. ಅದನ್ನೂ ಒಪ್ಪಿಸಿದ ಮೇಲೆಯೇ ಬಿಡುಗಡೆ.

ಮಧ್ಯಾಹ್ನ ಮತ್ತೆ ಸಿಂಕು, ಮತ್ತೆ ಅದೇ ಕೊಳವೆ. ಈ ಕೆಲಸದಲ್ಲಿ ಆಸ್ಪತ್ರೆಯವರಿಂದ ಏನಾದರೂ ಬೇಕೆನಿಸುತ್ತದೆಯೇ ಎಂದರೆ ಅಕ್ಕ ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾಗುತ್ತಾರೆ. "ಈ ಸಿಂಕ್ ಒಂದು ಗೇಣು ಎತ್ತರ ಇದ್ದಿದ್ರೆ ಸೊಂಟಕ್ಕೆ ಪುಣ್ಯ ಬರ್ತಿತ್ತು. ಇನ್ನೇನಿಲ್ಲ." ಆಮೇಲೆ ತಡೆದು, "ಅದೂ ಅವಸರವಿಲ್ಲ," ಎನ್ನುತ್ತಾರೆ.

ಕೈ ಒರೆಸಿಕೊಂಡು ಫೋನಿನ ಮೇಜಿಗೆ ಬರುತ್ತಾರೆ. ಕರೆಗಳ ದಪ್ಪ ಪುಸ್ತಕ ತೆರೆದು, ಈ ವಾರ ದಾಟಿ, ಮುಂದಿನ ವಾರ ದಾಟಿ, ಬರುವ ತಿಂಗಳ ಮೊದಲ ಗುರುವಾರದ ಹಾಳೆಗೆ ಹೋಗುತ್ತಾರೆ. ಕೊನೆಯ ಸಾಲು ಖಾಲಿಯಿದೆ. ಹೆಸರಿನ ಜಾಗ ಬಿಟ್ಟು ಬರೆಯತೊಡಗುತ್ತಾರೆ. ಹೆಂಗಸು, ಐವತ್ತೊಂದು. ಹೃದಯದ ಕವಾಟ. ತಂಗಿಗೆ ಇತ್ತು. ಮಾತ್ರೆಯ ಅಂಕಣಕ್ಕೆ ಬಂದಾಗ ಕೈಚೀಲದಿಂದ ಗುಲಾಬಿ ಮಾತ್ರೆಯ ಹಾಳೆ ತೆಗೆದು, ಅದರ ಬೆನ್ನಿನ ಮೇಲಿನ ಹೆಸರನ್ನು ನೋಡುತ್ತ ಒಂದೊಂದೇ ಅಕ್ಷರ ಇಳಿಸುತ್ತಾರೆ.

"ಏನಕ್ಕಾ, ಊಟ ಬಿಟ್ಟು ಅಷ್ಟು ದುಂಡಗೆ ಬರೀತಿದ್ದೀರಾ?" ಬಾಗಿಲಲ್ಲಿ ನರ್ಸ್ ಕೇಳುತ್ತಾಳೆ.

"ಏನಿಲ್ಲಮ್ಮ, ಗುರುವಾರದ ಪಟ್ಟಿ," ಎಂದು ಅಕ್ಕ ಪುಸ್ತಕ ಮುಚ್ಚುತ್ತಾರೆ. ಒಳಗೆ ಹೋಗಿ ನಲ್ಲಿ ತಿರುಗಿಸುತ್ತಾರೆ.