ಕಣ್ಣಿನ ಮೇಲೆ ಒಂದು ಮುದ್ದೆ

ಸ್ನೇಹಿತರೇ, ನನ್ನ ಬಲಗಣ್ಣಿನ ರೆಪ್ಪೆ ಊದಿಕೊಂಡು ಇಂದಿಗೆ ನಾಲ್ಕು ದಿನ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಟ್ಟುಕೊಳ್ಳಿ ಎಂದಿದ್ದರು ಚಾಮರಾಜನಗರದ ಡಾಕ್ಟರು. ಬಟ್ಟೆ ಎರಡೇ ನಿಮಿಷಕ್ಕೆ ತಣ್ಣಗಾಗುತ್ತದೆ.

ಇಂದು ಮಧ್ಯಾಹ್ನ ಮುದ್ದೆ ಕಟ್ಟುತ್ತಿದ್ದ ಅತ್ತೆ ನನ್ನ ಪಾಡು ನೋಡಿದರು. "ಬಟ್ಟೇಲಿ ಎಲ್ ಬಿಸಿ ನಿಂತದು ಕಣಮ್ಮಿ, ತಕ್ಕೊ ಇದ್ನ" ಎಂದು ಒಂದು ಮುದ್ದೆಯನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಮುಂಗೈಗೆ ಮುಟ್ಟಿಸಿ, ಹದಕ್ಕೆ ಬರುವವರೆಗೆ ಆರಲು ಬಿಟ್ಟು, ಕಣ್ಣಿನ ಮೇಲಿಟ್ಟುಕೊಂಡು ಮಲಗಿದೆ. ಹತ್ತು ನಿಮಿಷವಾದರೂ ಬಿಸಿ ಹಾಗೇ ಇತ್ತು.

ಅಷ್ಟರಲ್ಲಿ ಹೊಲದಿಂದ ನನ್ನ ಗಂಡ ಬಂದು ಊಟಕ್ಕೆ ಕೂತರು. ನಾಲ್ಕು ದಿನದಿಂದ "ಏನೂ ಆಗಿಲ್ಲ ಬುಡು, ಮೊಬೈಲ್ ನೋಡದ್ ಕಮ್ಮಿ ಮಾಡು" ಎನ್ನುತ್ತಿದ್ದವರು ಅವರೇ.

"ಇದೇನವ್ವ, ಒಂದೇ ಮುದ್ದೆ ಅದೆ?"

"ಇನ್ನೊಂದು ಅವಳ ಕಣ್ಮೇಲದೆ ಕಣ್ಲಾ," ಎಂದರು ಅತ್ತೆ.

ತಟ್ಟೆ ಬಿಟ್ಟು ಎದ್ದು ಬಂದರು. ಬಟ್ಟೆಯ ಅಂಚು ಎತ್ತಿ, ಬಗ್ಗಿ ನೋಡಿದರು.

"ಹೂಂ, ಊದ್ಕಂಡದೆ ಕಣ."

ನಾಲ್ಕು ದಿನ ಕಾಣದ ಊತ, ಮುದ್ದೆ ಹುಡುಕಿಕೊಂಡು ಬಂದವರಿಗೆ ಕಂಡಿತು.