ಅಂಬಿಗನ ಕಲ್ಲು

ಕಳೆದ ವಾರ ಕಮಲಾಪುರದ ಸಂತೆಯಲ್ಲಿ ಕೆಂಪು ಬಾಳೆಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ಬಂದರೆ ನನಗೆ ಹೊಳೆ ನೆನಪಾಗುತ್ತದೆ. ಹರಿಗೋಲಿನ ನಡುವೆ ಹಣ್ಣಿನ ಚೀಲ ಅವುಚಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದ ನಮ್ಮ ಇತಿಹಾಸದ ಮಾಸ್ತರು ನೆನಪಾಗುತ್ತಾರೆ...

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಹುಟ್ಟಿದ್ದು ಕಮಲಾಪುರ; ಮೊದಲು ಅಲ್ಲಿ, ಆಮೇಲೆ ಕಲಬುರಗಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿದರು. ಪ್ರತಿ ತರಗತಿಗೂ ಒಂದು ಕಥೆ ತಪ್ಪುತ್ತಿರಲಿಲ್ಲ: ಕೃಷ್ಣೆಯ ನಡುಗಡ್ಡೆಯ ಊರೊಂದರಲ್ಲಿ ಶಾಸನದ ಕಲ್ಲಿದೆ, ಹೊಳೆ ದಾಟಿ ವೈರಿಯನ್ನು ಗೆದ್ದ ರಾಜ ಅದನ್ನು ನೆಡಿಸಿದ. ಕುದುರೆ, ಕತ್ತಿ, ನೆತ್ತರು ಎಲ್ಲವೂ ಇರುತ್ತಿತ್ತು. ನಾನೂ ಬಾಯಿ ತೆರೆದು ಕೇಳಿದವಳೇ. ಆ ಕಲ್ಲನ್ನು ಅವರು ಕಂಡೇ ಇಲ್ಲವೆಂದು ಮಾತ್ರ ನಮಗ್ಯಾರಿಗೂ ಗೊತ್ತಿರಲಿಲ್ಲ. ಅವರ ಮಾಸ್ತರು ಹೇಳಿದ್ದನ್ನು ಅವರು ನಮಗೆ ಹೇಳಿದ್ದರು, ಅಷ್ಟೇ. ನೀರೆಂದರೆ ಅವರಿಗೆ ಜೀವಭಯ. ಬಿಸಿಲ ಸೀಮೆಯವರು ನಾವು. ಕೊಡದ ನೀರು ಗೊತ್ತೇ ಹೊರತು ಹೊಳೆಯ ಗುಣ ಏನು ಗೊತ್ತು!

ನಿವೃತ್ತಿಯಾದ ಮರುವಾರ ಗೋಡೆಯಾಚೆಯಿಂದ ಕರೆದರು. ನಾನಾಗ ಬಿ.ಎಡ್. ಓದುತ್ತಿದ್ದೆ.

“ಅವ್ವಾ, ಒಮ್ಮೆ ಆ ಕಲ್ಲು ನೋಡಬೇಕಂತ ಮಾಡೀನಿ. ನೀ ಜೋಡಿ ಬರ್ತೀಯೇನು? ಒಬ್ಬನೇ ಹೋದರ ದಂಡ್ಯಾಗಿಂದನೇ ವಾಪಸ್ ಬರ್ತೀನಿ.”

ಎರಡು ಬಸ್ಸು ಬದಲಿಸಿ, ಹರಿಗೋಲು ಹತ್ತಿ, ಆಚೆ ದಂಡೆ ಮುಟ್ಟಿದಾಗ ಅವರ ಧೋತರ ಮೊಣಕಾಲಿನವರೆಗೆ ತೋಯ್ದಿತ್ತು, ಮುಖ ಮಾತ್ರ ಮದುಮಗನದು. ಊರಿನ ಅಜ್ಜಿಯೊಬ್ಬಳು ನಮ್ಮನ್ನು ಸುತ್ತಾಡಿಸಿದಳು. ಸೂರಿಲ್ಲದ ಈಶ್ವರನ ಗುಡಿ, ನೀರೊಳಗೆ ಇಳಿದು ಕಾಣೆಯಾಗುವ ಹಳೆಯ ಮೆಟ್ಟಿಲು, ಮೆಣಸಿನಕಾಯಿ ಒಣಹಾಕಿದ್ದ ವೀರಗಲ್ಲು... ಮಾಸ್ತರು ಪ್ರತಿಯೊಂದರ ಮುಂದೆ ಚಪ್ಪಲಿ ಬಿಟ್ಟು ನಿಂತು ಕಣ್ತುಂಬ ನೋಡಿದರು. ಮೆಣಸಿನಕಾಯಿ ಬದಿಗೆ ಸರಿಸಿ ನೋಡಿ, ಮತ್ತೆ ಹಾಗೆಯೇ ಹರಡಿದರು.

ಕೊನೆಗೆ ಆ ಕಲ್ಲು. ಮೊದಲ ಸಲ ಹೊಳೆ ದಾಟಿ ಬಂದವರು ಅದಕ್ಕೆ ಎಣ್ಣೆ ಹಚ್ಚುವುದು ಅಲ್ಲಿಯ ಪದ್ಧತಿ. ತಲೆಮಾರುಗಳ ಎಣ್ಣೆ ಕುಳಿತು ಅಕ್ಷರ ಮುಚ್ಚಿಹೋಗಿದ್ದವು. ಅಜ್ಜಿಯ ಅಪ್ಪಣೆ ಪಡೆದು ಮಾಸ್ತರು ಬಿಸಿನೀರಿನಿಂದ ಒರೆಸಿದರು. ಆಮೇಲೆ ಅವಳ ಮನೆಯ ಜೋಳದ ಹಿಟ್ಟು ತಿಕ್ಕಿದರು. ಅಕ್ಷರ ಬೆಳ್ಳಗೆ ಎದ್ದವು. ಬೆರಳಿಟ್ಟು ಓದುತ್ತಾ ಹೋದರು. ಅರ್ಧಕ್ಕೆ ಬೆರಳು ನಿಂತಿತು.

ರಾಜನ ಗೆಲುವು ಅದರಲ್ಲಿ ಇರಲಿಲ್ಲ. ನೆರೆ ಬಂದಾಗ ಮಂದಿಯನ್ನು ದಾಟಿಸಿದ ಅಂಬಿಗನೊಬ್ಬನಿಗೆ ಊರವರು ಹೊಲ ಉಂಬಳಿ ಬಿಟ್ಟ ಸಂಗತಿ ಇತ್ತು.

“ಇದು ನಮ್ಮ ಅಂಬಿಗಜ್ಜನ ಕಲ್ಲರೀ,” ಅಂದಳು ಅಜ್ಜಿ. “ಸಣ್ಣ ಕೂಸಿಗೂ ಗೊತ್ತದ. ಇದನ್ನ ಓದಲಿಕ್ಕೆ ಅಷ್ಟು ದೂರದಿಂದ ಬಂದೀರೇನ್ರಿ?”

ನನಗೆ ನಗು ತಡೆಯಲಾಗಲಿಲ್ಲ. ಮಾಸ್ತರೂ ನಕ್ಕರು. ಆಮೇಲೆ ಕಲ್ಲಿಗೆ ಎಣ್ಣೆ ಹಚ್ಚಿ ಅಲ್ಲೇ ಕುಳಿತುಬಿಟ್ಟರು.

“ಮೂವತ್ತು ವರ್ಷ ಹುಡುಗರಿಗೆ ಸುಳ್ಳು ಹೇಳೀನವ್ವಾ. ಸಾಯೂದರೊಳಗ ಅಷ್ಟೂ ಮಂದಿಗೆ ಖರೇ ಹೇಳಬೇಕು.”

ಬರುವಾಗ ಹರಿಗೋಲಿನಲ್ಲಿ ಅವರು ಕಣ್ಣು ಮುಚ್ಚಲಿಲ್ಲ. ಹುಟ್ಟು ಹಾಕುವವನ ಕೈಯನ್ನೇ ನೋಡುತ್ತಿದ್ದರು. ಇಳಿಯುವಾಗ ಹಣ್ಣಿನ ಚೀಲ ಪೂರ್ತಿ ಅವನಿಗೇ ಕೊಟ್ಟರು.

ಹೇಳಿದಂತೆ ನಡೆದರು. ಶರಣಬಸವೇಶ್ವರ ಗುಡಿಯ ಮುಂದೆ, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಹಳೆಯ ವಿದ್ಯಾರ್ಥಿ ಸಿಕ್ಕರೆ ಸಾಕು, ಕ್ಷೇಮ ಕೇಳುವ ಮೊದಲೇ, “ಆ ಕಲ್ಲು ರಾಜಂದಲ್ಲಪಾ, ಅಂಬಿಗಂದು” ಎನ್ನುತ್ತಿದ್ದರು. ಬಿ.ಪಿ. ನೋಡುತ್ತಿದ್ದ ಡಾಕ್ಟರನನ್ನೂ ಬಿಡಲಿಲ್ಲ. ಮಾಸ್ತರಿಗೆ ಅರಳುಮರಳು ಎಂದು ಕಾಲೋನಿ ನಕ್ಕಿತು. ನನಗೆ ಅವರ ಮೇಲೆ ನಿಜವಾದ ಗೌರವ ಹುಟ್ಟಿದ್ದೇ ಆಗ. ಈಗ ನಾನು ಪಾಠ ಹೇಳುವ ತರಗತಿಯಲ್ಲಿ ‘ನನಗೆ ಗೊತ್ತಿಲ್ಲ, ನೋಡಿ ಹೇಳ್ತೀನಿ’ ಎಂದು ನಾಚಿಕೆಯಿಲ್ಲದೆ ಹೇಳುವುದನ್ನು ಅವರಿಂದಲೇ ಕಲಿತೆ.

ಅವರು ಹೋಗಿ ನಾಲ್ಕು ವರ್ಷವಾಯಿತು...

ಸಂತೆಯಲ್ಲಿ ಹಣ್ಣು ಮಾರುತ್ತಿದ್ದವನು ಯಾವ ಕಡೆಯವರೆಂದು ಕೇಳಿದ. ಜೇವರ್ಗಿ ಕಾಲೋನಿ ಎಂದೆ. ಅವನ ಮುಖ ಅರಳಿತು.

“ಅಲ್ಲಿ ನಮ್ಮ ಇತಿಹಾಸದ ಸರ್ ಇದ್ದಾರಲ್ರಿ! ನಡುಗಡ್ಡಿ ಮ್ಯಾಲಿನ ರಾಜನ ಕಲ್ಲಿನ ಕಥಿ ಹೇಳ್ತಿದ್ರು, ಇನ್ನಾ ನೆನಪದ. ಆರಾಮ ಅದಾರೇನ್ರಿ?”

“ಸರ್ ಈಗಿಲ್ಲರೀ,” ಅಂದೆ.

ಗೊನೆಯ ಮೇಲೆ ಅವನ ಕೈ ಹಾಗೆಯೇ ನಿಂತಿತು. ಆದರೂ ಹೇಳದೆ ಬರುವಂತಿರಲಿಲ್ಲ.

“ನಿಮಗೊಂದು ಮಾತು ಹೇಳಬೇಕಂತಿದ್ದರು. ಆ ಕಲ್ಲು ರಾಜಂದಲ್ಲಂತ್ರಿ, ಅಂಬಿಗಂದಂತ.”