ಮಲ್ಲಯ್ಯನಿಗೆ ಒಪ್ಪಿಸಿದ ದನಿ

ಇದನ್ನು ಓದುತ್ತಿರುವ ಭಕ್ತಬಂಧುಗಳಿಗೆಲ್ಲ ಕೈಮುಗಿದು, ಮೊದಲು ನನ್ನ ದಡ್ಡತನವನ್ನೇ ಮುಂದಿಟ್ಟುಬಿಡುತ್ತೇನೆ. ನಾನು ಹೇಳದಿದ್ದರೂ ನಮ್ಮೂರಿನವರು ಹೇಳುತ್ತಾರೆ. ಅವರಿಗೆ ಅದನ್ನು ಹೇಳೋದು ಅಂದರೆ ಬೆಲ್ಲ ತಿಂದಷ್ಟು ಖುಷಿ.

ನಮ್ಮಪ್ಪನಿಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತು. ಆ ಹೊತ್ತಿನಲ್ಲಿ ಮಗನಾದ ನಾನು ಊರಿನ ಹಾಲಿನ ಡೈರಿಗೆ ಹೋಗಿ, ಮೈಕು ಹಿಡಿದು, ಥೇಟ್ ಅಪ್ಪನ ದನಿಯಲ್ಲೇ, "ಬಿರ್‍ನೆ ಬನ್ರಪ್ಪೋ! ಹಾಲಿನ ಗಾಡಿ ನಿಮ್ಮ ಮಾವನ ಮನೇದಲ್ಲ, ಕಾಯ್ಕಂಡು ನಿಂತಿರಕ್ಕೆ!" ಎಂದು ಕೂಗಿದೆ.

ಯಾಕೆ ಕೂಗಿದೆ ಅಂತ ಕೇಳುತ್ತೀರಾ? ಅಪ್ಪ ಆ ಡೈರಿಯ ಸೆಕ್ರೆಟರಿ. ಬೆಳಗ್ಗೆ ಅವರು ಕೂಗಿದರೇನೇ ನಮ್ಮೂರಿಗೆ ಬೆಳಗಾಗೋದು. ಅವರು ಆಸ್ಪತ್ರೆ ಸೇರಿದ ಮೇಲೆ ಮೈಕು ಮೂಗಾಗಿತ್ತು, ಜನ ಹಾಲು ತರೋದು ತಡವಾಗುತ್ತಿತ್ತು. ಒಂದು ಸಲ ಕೂಗಿದರೆ ಎಲ್ಲರೂ ನಕ್ಕು ಓಡಿಬರುತ್ತಾರೆ ಅಂದುಕೊಂಡೆ. ಓಡಿಬಂದದ್ದೇನೋ ನಿಜ, ಡೈರಿಗಲ್ಲ, ನಮ್ಮ ಮನೆಗೆ. "ಯಜಮಾನ್ರಿಗೆ ಮಾತು ಬಂತಂತಲ್ಲವ್ವಾ!" ಅಂತ ಬಾಳೆಹಣ್ಣು ಹಿಡಿದುಕೊಂಡು, ಹೂ ಹಿಡಿದುಕೊಂಡು, ಜಗಲಿ ತುಂಬ ಜನ. ಒಳಗೆ ಮಂಚದ ಮೇಲೆ, ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಅಪ್ಪ ಬಾಯಿ ಒಂದು ಕಡೆಗೆ ವಾಲಿಸಿಕೊಂಡು ಕೂತಿದ್ದರು. ತಮ್ಮದೇ ದನಿ ಊರ ಮೇಲೆಲ್ಲ ಹಾಯ್ದು ಹೋಗಿದ್ದನ್ನು ಅವರೂ ಕೇಳಿದ್ದರು. ಬಂದವರು ಹಣ್ಣನ್ನು ಎಲ್ಲಿಡಬೇಕು ಅಂತ ತಿಳಿಯದೆ ಅವ್ವನ ಕೈಗೆ ತುರುಕಿ ಒಬ್ಬೊಬ್ಬರೇ ಜಾರಿಕೊಂಡರು. ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು.

ನನ್ನ ಹೆಸರು ಮಂಜ. ಪಿರಿಯಾಪಟ್ಟಣ ತಾಲ್ಲೂಕು, ರಾವಂದೂರು ಹೋಬಳಿ. ಚಿಕ್ಕಂದಿನಿಂದ ಕಂಡಕಂಡವರ ದನಿ ತೆಗೆಯೋದೇ ನನ್ನ ಕಸುಬು. ತಂಬಾಕು ಹರಾಜು ಕೂಗುವವರು, ಕೆಂಪು ಬಸ್ಸಿನ ಕಂಡಕ್ಟರು, ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರು, ಬೈಲಕುಪ್ಪೆಯ ಸ್ವೆಟರ್ ಅಂಗಡಿಯ ಅಜ್ಜಿ, ಯಾರನ್ನೂ ಬಿಟ್ಟಿಲ್ಲ. ಕಪಾಟಿನಲ್ಲಿ ಊರಿನವರ ಬಟ್ಟೆಯನ್ನೆಲ್ಲ ಪೇರಿಸಿಟ್ಟು ನನ್ನ ಅಂಗಿ ಎಲ್ಲಿ ಅಂತ ಹುಡುಕುವವನ ಹಾಗೆ, ನನ್ನ ಸ್ವಂತ ದನಿ ಯಾವುದು ಅಂತ ನನಗೇ ಅನುಮಾನ. ಆದರೆ ಎಲ್ಲರೂ ಮೆಚ್ಚುತ್ತಿದ್ದದ್ದು ಅಪ್ಪನ ದನಿ. ಮದುವೆ ಮನೆಯಲ್ಲಿ ಅದಕ್ಕೇ ಶಿಳ್ಳೆ ಬೀಳುತ್ತಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. "ನಿಮ್ಮ ತಂದೆಗೆ ಬುದ್ಧಿ, ನೆನಪು ಎಲ್ಲ ನೆಟ್ಟಗಿದೆ. ಮಾತು ಹೊರಗೆ ಬರೋ ದಾರಿ ಮಾತ್ರ ಕುಸಿದಿದೆ. ದಿನಾ ಪ್ರಯತ್ನ ಮಾಡಿದರೆ ಹೊಸ ದಾರಿ ಬೀಳುತ್ತೆ. ಅವರಾಗಿ ಕೈಬಿಟ್ಟರೆ ನಾವು ಏನೂ ಮಾಡಕ್ಕಾಗಲ್ಲ" ಎಂದಿದ್ದರು. ಅದಕ್ಕೇ ದಿನವೂ ಬೆಳಗ್ಗೆ ಅವ್ವ ಅವರ ಎದುರಿಗೆ ಕೂತು "ಅ… ಆ…" ಅನ್ನಿಸುತ್ತಿದ್ದಳು. ಬೆವರು ಕಿತ್ತು ಬರುವ ಹಾಗೆ ಅಪ್ಪ ಒದ್ದಾಡುತ್ತಿದ್ದರು. ನನ್ನ ಮೈಕಿನ ಪ್ರತಾಪ ಆದ ಮಾರನೆಯ ದಿನದಿಂದ ಅದೂ ನಿಂತಿತು. ಅವ್ವ ಎದುರಿಗೆ ಕೂತರೆ ಕಣ್ಣು ಮುಚ್ಚಿಕೊಳ್ಳುವರು. ಮತ್ತೆ ಮೈಸೂರಿಗೆ ಕರೆದುಕೊಂಡು ಹೋದೆವು. ಬಸ್ಸು ಹುಣಸೂರು ದಾಟಿದಾಗ ಅವ್ವ ಕಿಟಕಿ ಕಡೆ ನೋಡಿಕೊಂಡೇ ಅಂದಳು: "ಅವರ ದನಿ ನಿನ್ನತ್ರ ಅದೆ ಅಂತ ಊರಿಗೆಲ್ಲ ತೋರಿಸ್ಬುಟ್ಟೆ. ಇನ್ನು ಅವರಿಗ್ಯಾಕಪ್ಪ ಬೇಕು?"

ಭಕ್ತರೇ, ಬೇರೆಯವರು ಬೈದರೆ ಅವರ ದನಿಯಲ್ಲೇ ತಿರುಗಿ ಬೈದು ನಗಿಸಿಬಿಡಬಲ್ಲೆ. ಈ ಮಾತಿಗೆ ಮಾತ್ರ ನನ್ನ ಹತ್ತಿರ ದನಿ ಇರಲಿಲ್ಲ.

ನಮ್ಮ ಮನೆದೇವರು ಬೆಟ್ಟದಪುರದ ಮಲ್ಲಯ್ಯ. ಆ ಸೋಮವಾರ ಬೆಟ್ಟ ಹತ್ತಿ ಕೇಳಿಕೊಂಡೆ. ನಾನು ಕೇಳಿಕೊಂಡ ರೀತಿಯೂ ನನ್ನ ಹಾಗೇ ಇತ್ತು: "ಸ್ವಾಮಿ, ನಮ್ಮಪ್ಪನ ದನಿ ನನ್ನ ಗಂಟಲಲ್ಲಿ ಸುಮ್ನೆ ಬಿದ್ದದೆ. ತಗೊಂಡು ಅವರಿಗೇ ಕೊಟ್ಬುಡು. ಇನ್ನು ಅದನ್ನ ಮುಟ್ಟಿದ್ರೆ ಕೇಳು." ಬರಿಗೈಯಲ್ಲಿ ಕೇಳಬಾರದಲ್ಲ? ಹುಣಸೂರಿನ ಸೈಕಲ್ ಬಳಗದವರು ವರ್ಷಕ್ಕೊಂದು ಸಲ ನಾಲ್ಕು ದಿನದ ಸವಾರಿ ಇಟ್ಟುಕೊಳ್ಳುತ್ತಾರೆ. ಹುಣಸೂರಿನಿಂದ ಮಡಿಕೇರಿ, ತಲಕಾವೇರಿ, ವಿರಾಜಪೇಟೆ ಕಡೆ ಸುತ್ತಿ, ಬರೀ ಏರು ಹತ್ತಿಸಿ ಹತ್ತಿಸಿ, ಕೊನೆಗೆ ಬೆಟ್ಟದಪುರದ ಬುಡಕ್ಕೆ ತಂದು ಮುಗಿಸುತ್ತಾರೆ. ಅಪ್ಪನಿಗೆ ಹುಷಾರಿಲ್ಲದಾಗುವ ಮೊದಲೇ ಹೆಸರು ಕೊಟ್ಟಿದ್ದೆ. ಆಗ ಅದು ಶೋಕಿ. ಈಗ ಅದನ್ನೇ ಹರಕೆ ಮಾಡಿದೆ: ಎಷ್ಟೇ ಏರಿರಲಿ, ಸೈಕಲ್ಲಿಂದ ಇಳಿದು ಒಂದು ಹೆಜ್ಜೆಯನ್ನೂ ತಳ್ಳುವುದಿಲ್ಲ. ತುಳಿದೇ ಹತ್ತಿ ನಿನ್ನ ಹತ್ತಿರ ಬರುತ್ತೇನೆ.

ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಮುಡುಪನ್ನು ನಾನು ಹ್ಯಾಂಡಲ್ಲಿಗೆ ಬಿಗಿದೆ. ಮುಡುಪನ್ನು ದೇವರ ಗೂಡಲ್ಲಿಡಬೇಕು, ಸೈಕಲ್ಲಿಗೆ ಯಾರಾದರೂ ಕಟ್ತಾರಾ ಅಂತ ಅವ್ವ ಬೈದಳು. "ದೇವರಿಗೂ ನಾಲ್ಕು ಊರು ನೋಡ್ದಂಗಾಯ್ತದೆ ಬುಡವ್ವ" ಅಂದೆ.

ಜೊತೆಗಾರ ತೆನ್ಜಿನ್. ಬೈಲಕುಪ್ಪೆಯ ಟಿಬೆಟಿಯನ್ ಹುಡುಗ, ಐ.ಟಿ.ಐ.ಯಲ್ಲಿ ನನ್ನ ಪಕ್ಕದ ಬೆಂಚು. ನನಗಿಂತ ಚೆನ್ನಾಗಿ ಪಿರಿಯಾಪಟ್ಟಣದ ಕನ್ನಡ ಬೈಯುತ್ತಾನೆ. ಮೊದಲನೆಯ ದಿನ ಕುಶಾಲನಗರ ದಾಟಿ ಸುಂಟಿಕೊಪ್ಪದಿಂದ ಮೇಲಕ್ಕೆ ಏರು ಶುರುವಾದಾಗ ನಾನು ಹರಾಜು ಕೂಗುವವರ ದನಿಯಲ್ಲಿ ನನ್ನ ಕಾಲುಗಳನ್ನೇ ಹರಾಜಿಗಿಟ್ಟೆ. "ಸೆಕೆಂಡ್ ಹ್ಯಾಂಡ್ ಕಾಲು! ಗ್ರೇಡ್ ಕಮ್ಮಿ! ಯಾರ್ ತಗತೀರಿ?" ಹಿಂದಿನವರೆಲ್ಲ ನಕ್ಕೂ ನಕ್ಕೂ ದಮ್ಮು ಕಳೆದುಕೊಂಡರು. ತೆನ್ಜಿನ್ ಮಾತ್ರ ಮಣಿ ಎಣಿಸುವ ಹಾಗೆ ಏನೋ ಗುನುಗಿಕೊಂಡು, "ಉಸಿರು ಮಡಿಕ್ಕೋ ಕಣ್ಲಾ. ನಾಳೆ ಬೇಕಾಯ್ತದೆ" ಅಂದ.

ಸಂಜೆ ಮಡಿಕೇರಿ ಸೇರಿ ಮನೆಗೆ ಫೋನು ಮಾಡಿದೆ. ಅವ್ವ ಫೋನನ್ನು ಅಪ್ಪನ ಕಿವಿ ಹತ್ತಿರ ಇಟ್ಟಳು. ಕಂಡಕ್ಟರ ದನಿಯಲ್ಲಿ, ಮೇಷ್ಟ್ರ ದನಿಯಲ್ಲಿ ದಾರಿಯ ಕಥೆಯೆಲ್ಲ ಹೇಳಿದೆ. ಆ ಕಡೆಯಿಂದ ಉಸಿರು ಬಿಟ್ಟರೆ ಇನ್ನೇನೂ ಇಲ್ಲ.

ಎರಡನೆಯ ದಿನ ತೆನ್ಜಿನ್ ಹೇಳಿದ ನಾಳೆ ಬಂತು. ಭಾಗಮಂಡಲದಿಂದ ತಲಕಾವೇರಿಗೆ ಹೋಗುವ ಏರು ಕಾರಿನಲ್ಲಿ ಕೂತವರಿಗೆ ಚೆಂದ. ಒಂದು ತಿರುವು ಮುಗಿಯಿತು ಅಂದರೆ ಅದರ ತಲೆ ಮೇಲೆ ಇನ್ನೊಂದು ಕೂತಿರುತ್ತದೆ. ಅರ್ಧ ದಾರಿಯಲ್ಲಿ ಬಲಗಾಲಿನ ಮೀನಖಂಡ ಗಂಟು ಹಾಕಿಕೊಂಡಿತು. ಕಾಲು ನೆಲಕ್ಕೆ ಊರಿದೆ. ಮತ್ತೆ ಹತ್ತಲು ಹೋದೆ, ಆಗಲಿಲ್ಲ. ಇನ್ನೊಂದು ಸಲ ಹೋದೆ, ಸೈಕಲ್ ಸಮೇತ ಮೋರಿ ಕಟ್ಟೆಗೆ ಒರಗಿದೆ. ಜೀಪಿನಲ್ಲಿ ಮೇಲಕ್ಕೆ ಹೋಗುತ್ತಿದ್ದ ಯಾತ್ರಿಕರು ಕಿತ್ತಳೆ ಸಿಪ್ಪೆ ಎಸೆದು, "ತಳ್ಕೊಂಡ್ ಬನ್ನಿ ಬ್ರದರ್!" ಎಂದು ಧೈರ್ಯ ಹೇಳಿ ಹೋದರು. ತಳ್ಳುವಂತಿಲ್ಲವಲ್ಲ!

ಹರಕೆ ಮುರಿಯಿತು ಅನ್ನಿಸಿತು. ನನ್ನಂಥವನ ಹರಕೆಯನ್ನು ಮಲ್ಲಯ್ಯ ಯಾಕಾದರೂ ಹಿಡಿದುಕೊಳ್ಳಬೇಕು? ಜಗತ್ತಿನಲ್ಲಿ ಎಲ್ಲರನ್ನೂ ಆಡಿಕೊಂಡವನು, ದೇವರ ಮುಂದೆಯೂ ನಾಟಕ ಆಡಿದ ಅಂತ ತಿಳಿದಿರಬೇಕು. ಮುಡುಪನ್ನು ಹಿಡಿದುಕೊಂಡು ಕಟ್ಟೆ ಮೇಲೆ ಕೂತೆ. ಕಣ್ಣಲ್ಲಿ ನೀರು ಬಂತು. ತೆನ್ಜಿನ್ ಅದನ್ನು ನೋಡಲಿಲ್ಲ ಅಂತ ತೋರಿಸಿಕೊಳ್ಳಲು ತನ್ನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಬೆಳಗ್ಗೆಯೇ ಬಿಟ್ಟಿದ್ದ ಎಣ್ಣೆ.

ಫೋನಿನಲ್ಲಿ ಸಿಗ್ನಲ್ ಒಂದೇ ಒಂದು ಕಡ್ಡಿ ಇತ್ತು. ಸ್ಪೀಕರ್ ಹಾಕಿ, ಫೋನನ್ನು ಎತ್ತಿ ಹಿಡಿದು ಅವ್ವನಿಗೆ ಹಚ್ಚಿದೆ. ಅವಳು ಎತ್ತಿದ ತಕ್ಷಣ ಶುರು ಮಾಡಿದೆ.

"ಅವ್ವಾ, ಆಯ್ತಾ ಇಲ್ಲ ಕಣವ್ವ. ಕಾಲು ಸತ್ತೋಗದೆ. ಜೀಪು ಹಿಡ್ಕಂಡು ವಾಪಸ್ ಬತ್ತೀನಿ. ಅಪ್ಪನ ಮುಂದೆ ಹೇಳ್ಬ್ಯಾಡ. ಅವತ್ತು ಮೈಕಲ್ಲಿ ಕೂಗಿದ್ನಲ್ಲ, ಅದಕ್ಕೇ ತಪ್ಪೊಪ್ಪಿಕೊಳ್ಳನ ಅಂತ ಈ ಏರು ಹತ್ತಕ್ಕೆ ಬಂದೆ. ಅವರ ಎದುರಿಗೆ ನಿಂತು ಹೇಳಕ್ಕೆ ಮೊಕ ಇಲ್ಲ ಕಣವ್ವ ನಂಗೆ."

ಆ ಕಡೆಯಿಂದ ಬರೀ ಉಸಿರು. ಆಗ ಗೊತ್ತಾಯಿತು. ಅವ್ವ ಎತ್ತಿದವಳೇ ಹಿಂದಿನ ಸಂಜೆಯ ಹಾಗೇ ಫೋನನ್ನು ಅಪ್ಪನ ಕಿವಿಗೆ ಇಟ್ಟುಬಿಟ್ಟಿದ್ದಾಳೆ. ಅಷ್ಟನ್ನೂ ಅಪ್ಪನೇ ಕೇಳಿದ್ದಾರೆ. ಅದೂ ಮೇಷ್ಟ್ರ ದನಿಯಲ್ಲಲ್ಲ, ಕಂಡಕ್ಟರ ದನಿಯಲ್ಲಲ್ಲ. ಯಾರ ದನಿಯನ್ನೂ ಹೊರುವ ಶಕ್ತಿ ನನ್ನ ಗಂಟಲಿಗೆ ಆಗ ಇರಲಿಲ್ಲ.

"ತು…" ಅಂತ ಬಂತು. ಉಗಿದರು ಅಂದುಕೊಂಡೆ. ಉಗಿಸಿಕೊಳ್ಳಲು ಯೋಗ್ಯನೇ, ತಕರಾರಿಲ್ಲ.

"ತು… ತು…" ಆ ಕಡೆ ಮಂಚ ಕಿರುಗುಟ್ಟಿತು. ಆಮೇಲೆ, ಬಂಡೆ ಸರಿಸಿ ಹೊರಗೆ ಬಂದ ಹಾಗೆ, "ತುಳಿ."

ಹಿಂದೆಯೇ ಅವ್ವ ಕಿರುಚಿದ್ದು ಕೇಳಿಸಿತು. ಕಡ್ಡಿ ಮಾಯವಾಗಿ ಫೋನು ಕಟ್ ಆಯಿತು.

ತೆನ್ಜಿನ್ ಎಣ್ಣೆ ಡಬ್ಬಿ ಕೆಳಗಿಟ್ಟ. "ಯಾರ್ಲಾ ಅದು ಮಾತಾಡಿದ್ದು?"

"ನಮ್ಮಪ್ಪ."

"ಸುಳ್ಳಾಡ್ಬ್ಯಾಡ. ನೀನೇ ದನಿ ತೆಗೆದಿದ್ದೀಯ."

"ನಿನ್ ಮುಂದೆ ಬಾಯಿ ಮುಚ್ಕಂಡೇ ಕೂತಿದ್ನಲ್ಲೋ!"

ಅವನು ನನ್ನ ಬಾಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು ಸೈಕಲ್ ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡ. "ಹತ್ತು ಮತ್ತೆ. ಅಪ್ಪ ಹೇಳಿದ್ ಮೇಲೆ ಇನ್ನೇನು."

ಹತ್ತಿದೆ. ಇಳಿದು ನಿಂತಿದ್ದೆನೇ ಹೊರತು ಒಂದು ಹೆಜ್ಜೆಯೂ ತಳ್ಳಿರಲಿಲ್ಲ, ಹರಕೆ ಇನ್ನೂ ಉಳಿದಿತ್ತು. ಕಾಲಿನ ಗಂಟು ಬಿಟ್ಟಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ನೋವು ಅಷ್ಟೇ ಇತ್ತು, ನಾನು ಮಾತ್ರ ಅದಕ್ಕಿಂತ ಜಾಸ್ತಿ ಇದ್ದೆ. ತಲಕಾವೇರಿ ಮುಟ್ಟಿ ಕಾವೇರಮ್ಮನ ತೀರ್ಥ ತಲೆಗೆ ಹಾಕಿಕೊಂಡೆ. ಮೂರನೆಯ ದಿನ ವಿರಾಜಪೇಟೆಯ ಏರಿಳಿತಗಳಲ್ಲಿ, ನಾಲ್ಕನೆಯ ದಿನ ತಿತಿಮತಿ ದಾಟಿ ಹುಣಸೂರಿನ ಮೇಲೆ ಬರುವಾಗ, ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ತೆನ್ಜಿನ್‌ಗೇ ಬೇಜಾರಾಗಿ, "ಏನಾರ ಒದರ್ಲಾ, ದಾರಿ ಸಾಗ್ತಿಲ್ಲ" ಅಂದ.

ನಮ್ಮ ಭಾವ ಎಚ್.ಡಿ. ಕೋಟೆಯವರು, ಔಷಧಿ ಅಂಗಡಿ ಇಟ್ಟಿದ್ದಾರೆ. ಅವರು ಇದಕ್ಕೆಲ್ಲ ಕಾರಣ ಕೊಡುತ್ತಾರೆ. "ಗುಳಿಗೆ ಕೆಲಸ ಮಾಡೋ ಟೈಮಿಗೆ ನಿನ್ ಫೋನು ಬಂದದೆ, ಅಷ್ಟೇ." ಮೈಸೂರಿನ ಮೇಡಂ ಕೂಡ, ಹಳೇ ಬಳಕೆಯ ಮಾತು, ಮನಸ್ಸಿಗೆ ತಟ್ಟಿದ ಹೊತ್ತಿನಲ್ಲಿ ಹಾಗೆ ಮೊದಲು ಬರುವುದುಂಟು ಎಂದರು. ನನಗೆ ಸೈಕಲ್ ಕಲಿಸುವಾಗ ಸೀಟು ಹಿಡಿದುಕೊಂಡು ಓಡುತ್ತಾ ಅಪ್ಪ ಹೇಳುತ್ತಿದ್ದದ್ದು ಅದೊಂದೇ ಮಾತು. ಇಬ್ಬರು ಹೇಳುವುದನ್ನೂ ಒಪ್ಪುತ್ತೇನೆ. ಗುಳಿಗೆ ಅಪ್ಪನ ಹೊಟ್ಟೆಯಲ್ಲಿತ್ತು, ಮಾತು ಅವರ ಎದೆಯಲ್ಲಿತ್ತು. ಆದರೆ ಅವ್ವನ ಕೈಯನ್ನು ಅಪ್ಪನ ಕಿವಿಗೆ ತಿರುಗಿಸಿದವರು ಯಾರು? ಆ ಕಾಡಿನಲ್ಲಿ ಆ ಒಂದು ಕಡ್ಡಿಯನ್ನು ಅಷ್ಟು ಹೊತ್ತು ಹಿಡಿದು ನಿಲ್ಲಿಸಿದವರು ಯಾರು? ನನಗೆ ಉತ್ತರ ಗೊತ್ತು. ಕೇಳಿದ್ದು ನಾನು, ಕೊಟ್ಟಿದ್ದು ಮಲ್ಲಯ್ಯ. ಅಪ್ಪ ಮಾರನೆಯ ಬೆಳಗ್ಗೆಯಿಂದಲೇ ತಾವಾಗಿ ಅವ್ವನ ಎದುರು ಬಂದು ಕೂತರು. ಇವತ್ತು ಅವ್ವನ ಹೆಸರು ಹಿಡಿದು ಕೂಗುತ್ತಾರೆ, ಕಾಫಿಗೆ ಸಕ್ಕರೆ ಸಾಲದು ಅನ್ನುತ್ತಾರೆ, ಪೇಪರಿನ ತಲೆಬರಹ ಓದುತ್ತಾರೆ. ಸ್ವಾಮಿಗೆ ನನ್ನ ಸಾವಿರ ಶರಣು. ದೇವರು ಕೈಬಿಟ್ಟ ಅಂದುಕೊಂಡು ಕೂತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನಾಟಕ ಬಿಟ್ಟು ನಿಮ್ಮ ಸ್ವಂತ ದನಿಯಲ್ಲಿ ಒಂದು ಸಲ ಕೇಳಿ ನೋಡಿ. ಕೇಳಿಸಿಕೊಳ್ಳುವವನು ಇದ್ದಾನೆ.

ಸವಾರಿ ಮುಗಿದ ಮಧ್ಯಾಹ್ನದ್ದು ಒಂದು ಉಳಿದಿದೆ. ಬೆಟ್ಟದಪುರದ ಬುಡದಲ್ಲಿ ಭಾವನ ಕಾರು ನಿಂತಿತ್ತು. ಒಳಗೆ ಅಪ್ಪ, ಅವ್ವ. ನಾನು ಮೆಟ್ಟಿಲು ಹತ್ತಿ, ಮುಡುಪು ಒಪ್ಪಿಸಿ, ಪ್ರಸಾದ ತಂದು ಅಪ್ಪನ ಹಣೆಗೆ ವಿಭೂತಿ ಇಟ್ಟೆ. ಸವಾರರೆಲ್ಲ ಪುಳಿಯೋಗರೆ ತಟ್ಟೆ ಹಿಡಿದು ಸುತ್ತ ನಿಂತಿದ್ದರು. ಭಾವ ಸುಮ್ಮನಿರಬೇಕಲ್ಲ!

"ಮಂಜಾ, ಎಲ್ಲಾ ಸೇರವ್ರೆ. ಮಾವಂದು ಒಂದು ದನಿ ಬುಡ್ಲಾ, ನಗ್ಲಿ."

"ಆಯ್ತಿಲ್ಲ ಭಾವ. ಅದನ್ನ ಸ್ವಾಮಿಗೆ ಒಪ್ಪಿಸ್ಬುಟ್ಟಿದ್ದೀನಿ."

"ಒಂದೇ ಒಂದ್ಸಲ ಕಣ್ಲಾ. ದೇವರೇನು ಕಿವಿ ಕೊಟ್ಕೊಂಡು ಕೂತವ್ನಾ?"

"ಬ್ಯಾಡ ಅಂದ್ರೆ ಬುಡಿ ಅಳಿಯಂದ್ರೆ" ಎಂದು ಅವ್ವನೂ ನಡುವೆ ಬಂದಳು. "ಹರಕೆ ಅದು."

"ಅಲ್ಲ ಅತ್ತೆ, ಅಷ್ಟು ಚೆನ್ನಾಗಿ ಮಾಡ್ತಿದ್ದ. ಥೇಟ್ ಮಾವನೇ ಮಾತಾಡ್ದಂಗೆ ಇರ್‍ತಿತ್ತು. ಸುಮ್ನೆ ವೇಸ್ಟಾಯ್ತದಲ್ಲ?"

ಕಾರಿನ ಕಿಟಕಿಯಿಂದ ಕೈ ಹೊರಗೆ ಬಂತು. ಎಲ್ಲರೂ ತಿರುಗಿದರು. ಅಪ್ಪನ ಬಾಯಿ ಇನ್ನೂ ಒಂದು ಕಡೆಗೇ ವಾಲಿತ್ತು, ಕಣ್ಣು ಮಾತ್ರ ಭಾವನ ಮೇಲೆ ನೆಟ್ಟಿತ್ತು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು, ಲಕ್ವ ಹೊಡೆದ ಮೇಲೆ ಮೊದಲ ಸಲ, ಪೂರ್ತಿ ಹೇಳಿದರು:

"ನನ್ನಂಗೆ… ಎಲ್ಲಿತ್ತು? ಕೋಣ… ಕೆಮ್ಮಿದಂಗೆ… ಇತ್ತು."